ತಟ್ಟೆಯ ಮೇಲೆ ತಡೆದು ನಿಂತ ಸೌಟು

2006ರ ಮಾರ್ಚ್ 15, ಬುಧವಾರ. ಮೆಲ್ಬರ್ನ್‌ನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ಉದ್ಘಾಟನೆಯಾದ ದಿನ. ಗ್ರಂಥಾಲಯದಲ್ಲಿ ಆ ವಾರದ ಪತ್ರಿಕೆಗಳನ್ನು ತೆಗೆಸಿ ದಿನಾಂಕವನ್ನು ಖಚಿತಪಡಿಸಿಕೊಂಡಿದ್ದೇನೆ. ಆ ಕ್ರೀಡಾಕೂಟದವರೆಗೆ ನಾನಿದ್ದ ಬಾಡಿಗೆಮನೆಯ ಒಡತಿ ಬಡಿಸುತ್ತಿದ್ದ ರೀತಿಯೇ ಬೇರೆ. ಅತಿಥಿ ತಟ್ಟೆಗೆ ಅಡ್ಡ ಹಿಡಿದ ಅಂಗೈಯನ್ನು ಎಡಗೈಯಿಂದ ಸರಿಸಿ, ಬಲಗೈಯಿಂದ ಇನ್ನೊಂದು ಸೌಟು ಸುರಿದೇಬಿಡುತ್ತಿದ್ದರು. ಆಮೇಲೆ ಅದೇ ಬಲಗೈ ತಟ್ಟೆಗಿಂತ ಗೇಣೆತ್ತರದಲ್ಲಿ ತಡೆದು ನಿಲ್ಲತೊಡಗಿತು. ಸೌಟಿನ ಅಂಚಿನಲ್ಲಿ ಸಾರಿನ ಹನಿ ತೂಗುತ್ತಿತ್ತು. "ಹಾಕುವುದಾ? ನಿಜ ಹೇಳಿ, ನನಗೇನೂ ಬೇಜಾರಿಲ್ಲ," ಎನ್ನುತ್ತಿದ್ದರು.

ಅವರು ಮಂಗಳೂರಿನ ಕೊಂಕಣಿ ಕ್ರೈಸ್ತರು. ಮೆಲ್ಬರ್ನ್‌ನ ವೃದ್ಧಾಶ್ರಮವೊಂದರಲ್ಲಿ ನರ್ಸ್. ಸಂಶೋಧನೆಗೆಂದು ಸಿಡ್ನಿಯಿಂದ ಹೋಗಿದ್ದ ನಾನು ಆ ವರ್ಷ ಅಲ್ಲಿನ ವಿಂಡಮ್ ವೇಲ್ ಬಡಾವಣೆಯ ಅವರ ಮನೆಯಲ್ಲಿ ಬಾಡಿಗೆಗೆ ಇದ್ದೆ. ನಮ್ಮ ಕರಾವಳಿಯ ರೂಢಿಯಂತೆ ನಾನು ಬಾಯಮ್ಮ ಎನ್ನುತ್ತಿದ್ದೆ. ಉಳಿದವರಿಗೆಲ್ಲ ಅವರು ಆಂಟಿ.

ಕ್ರೀಡಾಕೂಟಕ್ಕೆ ಅವರು ಸ್ವಯಂಸೇವಕ ಚಾಲಕಿಯಾಗಿ ಸೇರಿದ್ದರು. ಪೆಸಿಫಿಕ್‌ನ ಪುಟ್ಟ ದ್ವೀಪರಾಷ್ಟ್ರವೊಂದರ ತಂಡ ಅವರ ಪಾಲಿಗೆ ಬಂತು. ಮೂವರು ವೇಟ್‌ಲಿಫ್ಟರ್‌ಗಳು, ಒಬ್ಬ ಕೋಚ್. ಇಡೀ ದೇಶ ಒಂದೇ ವ್ಯಾನಿನಲ್ಲಿ ಹಿಡಿಯುತ್ತಿತ್ತು. ಮನೆಯ ಊಟವಿಲ್ಲದೆ ಹುಡುಗರು ಬಾಡಿದ್ದಾರೆಂದು ಬಾಯಮ್ಮ ಒಂದು ಮಧ್ಯಾಹ್ನ ಎಲ್ಲರನ್ನೂ ಊಟಕ್ಕೆ ಕರೆತಂದರು. ಇಡ್ಲಿಯಂಥ ಬಿಳಿಯ ಸಾನ್ನಾ, ಹಂದಿಮಾಂಸದ ಖಾರದ ಸಾರು ಬಾಫತ್. ಮೂವರಲ್ಲಿ ಚಿಕ್ಕವನು ನೀರನ್ನೂ ಮುಟ್ಟಲಿಲ್ಲ. ಸ್ಪರ್ಧೆಗೆ ಮೊದಲು ತೂಕ ನೋಡುತ್ತಾರೆ, ಮಿತಿ ದಾಟಿದರೆ ಹೊರಗೆ ಎಂದು ಕೋಚ್ ಅವನ ಪರವಾಗಿ ಕ್ಷಮೆ ಕೇಳಿದ. ಬಾಯಮ್ಮನ ಆಸ್ಥೆಯೆಲ್ಲ ಬಾಗಿಲು ತುಂಬುವಂತಿದ್ದ ದೊಡ್ಡ ಹುಡುಗನ ಕಡೆ ಹರಿಯಿತು. ಬಡಿಸಿದ್ದನ್ನು ಬೇಡವೆಂದರೆ ಅವನ ದ್ವೀಪದಲ್ಲಿ ಮನೆಯವರಿಗೆ ಅವಮಾನ. ಸಾಕೆಂದವರಿಗೆ ಇನ್ನೊಂದು ಹಾಕದಿದ್ದರೆ ಬಾಯಮ್ಮನ ಊರಿನಲ್ಲಿ ಅವಮಾನ. ಇಬ್ಬರೂ ಮರ್ಯಾದಸ್ಥರು. ಪಾತ್ರೆ ಬರಿದಾಗುವವರೆಗೆ ಆ ಊಟ ಮುಗಿಯಲಿಲ್ಲ.

ಮರುದಿನದ ಸ್ಪರ್ಧೆಯಲ್ಲಿ ಅವನ ಮೊದಲ ಸುತ್ತಿನ ಮೂರು ಪ್ರಯತ್ನಗಳೂ ಕೈಕೊಟ್ಟವು. ಅಲ್ಲಿಗೆ ಅವನ ಕ್ರೀಡಾಕೂಟ ಮುಗಿಯಿತು. ಮರಳುವಾಗ ವ್ಯಾನಿನಲ್ಲಿ ಕೋಚ್, ಆಂಟಿಯ ಬಿಳಿ ಕೇಕುಗಳೇ ಕಬ್ಬಿಣಕ್ಕಿಂತ ಭಾರ ಎಂದನಂತೆ. ಹೇಳುವಾಗ ಕೋಚ್ ನಕ್ಕನೇ ಎಂದು ಬಾಯಮ್ಮನನ್ನು ಕೇಳಿದೆ. ಕನ್ನಡಿಯಲ್ಲಿ ಅವನ ಮುಖ ಕಾಣಲಿಲ್ಲ ಎಂದರು.

ಆ ಸಂಜೆ ಅವರು ಅಡುಗೆಮನೆಯ ದೀಪ ಹಾಕದೆ ಕುಳಿತಿದ್ದರು. "ನಾನು ತಿನ್ನಿಸಿದ ತೂಕ ಇಳಿಸ್ಲಿಕ್ಕೆ ಆ ದೊಡ್ಡ ಹುಡುಗ ಆಮೇಲೆ ನೀರೂ ಕುಡೀದೆ ಇದ್ದಿರ್ಬೇಕು ಮಾರಾಯ್ರೇ. ಅದಕ್ಕೇ ಕೈ ಸೋತದ್ದು. ಬೇಡ ಅಂತ ಅವನ ಕಣ್ಣು ಹೇಳ್ತಾ ಇತ್ತು. ನಾನು ತಟ್ಟೆ ಮಾತ್ರ ನೋಡಿದೆ."

ಅಂದಿನಿಂದ ಸೌಟು ತಡೆದು ನಿಂತಿತು. ಆ ಮನೆಗೆ ಹೋಗುವುದಾದರೆ ಉಂಡುಕೊಂಡೇ ಹೋಗಬೇಕೆಂದು ಚರ್ಚಿನ ಬಳಗದವರು ಚುಚ್ಚುತ್ತಿದ್ದರು. ಬಾಯಮ್ಮನ ಕಿವಿಗೂ ಅದು ಬಿದ್ದಿತ್ತು. "ಹೇಳ್ಲಿ. ಹಸಿದವ್ರು ಕೇಳಿ ಹಾಕಿಸ್ಕೊಳ್ತಾರೆ," ಎನ್ನುತ್ತಿದ್ದರು. ವೃದ್ಧಾಶ್ರಮದಲ್ಲಿ ಮಾತ್ರ ಇದೇ ಅಭ್ಯಾಸಕ್ಕಾಗಿ ಅವರು ಎಲ್ಲರಿಗೂ ಬೇಕಾದವರಾದರು. ಚಮಚವನ್ನು ತುಟಿಯ ಮುಂದೆ ಹಿಡಿದು, ಮಾತು ನಿಂತುಹೋದವರ ಕಣ್ಣು ನೋಡುತ್ತ ಕಾಯುತ್ತಿದ್ದರಂತೆ.

ಅವರು ತೀರಿಕೊಂಡಾಗ ನಾನು ಸಿಡ್ನಿಯ ಸ್ಕೋಫೀಲ್ಡ್ಸ್‌ನ ಮನೆಯಿಂದ ಮೆಲ್ಬರ್ನ್‌ಗೆ ಹೋಗಿದ್ದೆ. ಪ್ರಾರ್ಥನೆಯ ನಂತರದ ಊಟದಲ್ಲಿ ಅವರ ಮಗಳು ಸಾನ್ನಾದ ತಟ್ಟೆ ಹಿಡಿದು, "ಅಂಕಲ್, ಇನ್ನೊಂದು?" ಎಂದು ಒಮ್ಮೆ ಕೇಳಿದಳು. ನಾನು ಬೇಡವೆಂದೆ. ಅವಳು ಮುಂದಕ್ಕೆ ಹೋದಳು.

ಈ ಬರಹಕ್ಕೆಂದು ಅಂದಿನ ಅಧಿಕೃತ ಫಲಿತಾಂಶಗಳನ್ನು ಮೊದಲ ಬಾರಿಗೆ ತೆರೆದು ನೋಡಿದೆ. ಮೂರು ವಿಫಲ ಪ್ರಯತ್ನಗಳು ಬಾಯಮ್ಮ ಹೇಳಿದಂತೆಯೇ ದಾಖಲಾಗಿವೆ. ಉಳಿದದ್ದು ಅವರ ಊಹೆಗೆ ಹೊಂದುವುದಿಲ್ಲ. ದೊಡ್ಡ ಹುಡುಗ ಸ್ಪರ್ಧಿಸಿದ್ದು ನೂರ ಐದು ಕಿಲೋಗೆ ಮೇಲ್ಪಟ್ಟವರ ವರ್ಗದಲ್ಲಿ. ಆ ವರ್ಗದಲ್ಲಿ ದೇಹದ ತೂಕಕ್ಕೆ ಮೇಲ್ಮಿತಿಯೇ ಇಲ್ಲ. ಅವನು ತೂಕ ಇಳಿಸಬೇಕಾದ ಪ್ರಮೇಯವೇ ಇರಲಿಲ್ಲ.