ಕೊನೇ ಗೇಟಿನ ಅಕ್ಕ

ಊರಿನವರು ಅವಳನ್ನು ಗೇಟಮ್ಮ ಎಂದೇ ಕರೆಯುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಪಕ್ಕದ ಹೊಲಗಳಿಗೆ ನೀರು ಬಿಡುವ ಏಳು ಗೇಟಿನ ಕಾಲುವೆಯೊಂದು ಅವಳ ಸುಪರ್ದಿನಲ್ಲಿದೆ. ಯಾವ ಗೇಟಿನ ಚಕ್ರ ಎಷ್ಟು ಸುತ್ತು ತಿರುಗಿದರೆ ಎಷ್ಟು ಹೊಲ ನೆನೆಯುತ್ತದೆ ಎಂಬುದು ಕಚೇರಿಯ ನಕ್ಷೆಗೆ ಗೊತ್ತಿಲ್ಲ, ಅವಳ ತೋಳಿಗೆ ಗೊತ್ತು. ಮೊದಲ ಗೇಟಿನ ಪಕ್ಕದ ಕೋಣೆಯಲ್ಲಿ ಗ್ರೀಸ್ ಡಬ್ಬ, ಹರಿದ ಕೊಡೆ, ಮೊಳೆಗೆ ನೇತುಹಾಕಿದ ಕೀಲಿಗೊಂಚಲು, ಒಂದು ಕುರ್ಚಿ. ಆ ಕುರ್ಚಿಯಲ್ಲಿ ಅವಳು ಕೂತದ್ದನ್ನು ಕಂಡವರು ಕಡಿಮೆ.

ಕಾಲುವೆ ಕಟ್ಟಿದ್ದು ಹೊರದೇಶದ ಬ್ಯಾಂಕಿನ ಸಾಲದಲ್ಲಿ. ಪ್ರತಿ ಕಂತು ಬಿಡುವ ಮುಂಚೆ ಬ್ಯಾಂಕಿನವರು ಬಂದು, ನೀರು ಕೊನೇ ಹೊಲ ಮುಟ್ಟಿದೆಯೇ ಎಂದು ನೋಡಿ ಹೋಗುತ್ತಾರೆ. ನಿಜ ಹೇಳಬೇಕೆಂದರೆ ಮುಟ್ಟಿರಲಿಲ್ಲ. ನಾಲ್ಕನೇ ಗೇಟಿನಾಚೆ ಸಿಮೆಂಟು ಬಿರುಕು ಬಿಟ್ಟು, ಅರ್ಧ ನೀರು ಹಳ್ಳದ ಪಾಲಾಗುತ್ತಿತ್ತು. ಕೊನೇ ಗೇಟಿನ ಕೆಳಗಿದ್ದದ್ದು ಗೇಟಮ್ಮನ ಒಡಹುಟ್ಟಿದ ಅಕ್ಕನ ಹೊಲ.

ಎರಡು ವರ್ಷದ ಹಿಂದೆ ಬ್ಯಾಂಕಿನವರು ಬರುವ ವಾರ ಇಂಜಿನಿಯರ್ ಸಾಹೇಬರು ಅವಳನ್ನು ಕರೆದು, “ಮೇಲಿನ ಆರೂ ಗೇಟು ಮೂರು ದಿನ ಮುಚ್ಚಿಬಿಡು. ಇರೋ ನೀರೆಲ್ಲ ಕೊನೇ ಗೇಟಿಗೇ ಹೋಗಲಿ,” ಎಂದಿದ್ದರು. ದೊಡ್ಡವರ ಮಾತೆಂದು ಅವಳು ಮುಚ್ಚಿದಳು. ಕೊನೇ ಹೊಲದಲ್ಲಿ ನೀರು ತುಂಬಿ ತುಳುಕಿತು. ಬಂದವರು ಫೋಟೋ ತೆಗೆದುಕೊಂಡರು, ಎಲ್ಲ ಸರಿಯಿದೆ ಎಂದು ಬರೆದುಕೊಂಡರು, ಬಿರುಕು ರಿಪೇರಿಯ ಕೆಲಸ ಯೋಜನೆಯಿಂದಲೇ ಹಾರಿಹೋಯಿತು. ಇತ್ತ ಅಕ್ಕ, ಅಂತೂ ಕಾಲುವೆ ಬಂತೆಂದು ನಂಬಿ, ಸಸಿ ನೆಟ್ಟುಬಿಟ್ಟಳು. ಮೇಲಿನ ಗೇಟುಗಳು ಮತ್ತೆ ತೆರೆದದ್ದೇ ವಾರದೊಳಗೆ ಅಷ್ಟೂ ಒಣಗಿ ಹೋಯಿತು. ಗೇಟು ಮುಚ್ಚಿದವರು ಯಾರೆಂದು ತಿಳಿದ ದಿನ ಅಕ್ಕ ತಂಗಿಯ ಜೊತೆ ಮಾತು ಬಿಟ್ಟಳು. ಬೈದಿದ್ದರೆ ಗೇಟಮ್ಮ ತಡೆದುಕೊಳ್ಳುತ್ತಿದ್ದಳು. ಆ ಮೌನ ಅವಳನ್ನು ಕೊರೆದು ಹಾಕಿತು.

ಈಗ ಕೊನೇ ಕಂತಿನ ಹೊತ್ತು. ಸಾಹೇಬರು ಮತ್ತೆ ಕರೆದರು.

“ಹೋದ ಸಲದ ಹಾಗೇ ಮಾಡು. ಇದೊಂದು ಮುಗಿದ್ರೆ ನಿನ್ನ ಕೆಲಸ ಕಾಯಂ ಮಾಡಿಸ್ತೀನಿ.”

ಹನ್ನೊಂದು ವರ್ಷ ದಿನಗೂಲಿಯಲ್ಲಿ ಸವೆದವಳಿಗೆ ಅದು ಸಣ್ಣ ಮಾತಲ್ಲ. ಗೇಟಮ್ಮ ತಲೆ ಆಡಿಸಿ ಬಂದಳು. ಮೂರು ದಿನವೂ ಚಕ್ರಗಳಿಗೆ ಗ್ರೀಸ್ ಹಚ್ಚಿದಳು, ಒರೆಸಿದಳು, ಒಂದನ್ನೂ ತಿರುಗಿಸಲಿಲ್ಲ.

ಬ್ಯಾಂಕಿನಿಂದ ಬಂದಾಕೆ ನರೆತ ಕೂದಲಿನ ಎತ್ತರದ ಹೆಂಗಸು. ಜೊತೆಗೊಬ್ಬ ದುಭಾಷಿ, ಪಕ್ಕದವರು ಕೆಮ್ಮಿದರೂ ಅನುವಾದ ಮಾಡುವಷ್ಟು ನಿಷ್ಠಾವಂತ. ಜೀಪು ಕೊನೇ ಗೇಟಿಗೆ ಬಂದು ನಿಂತರೆ ಕಾಲುವೆಯ ತಳದಲ್ಲಿ ಓತಿಕ್ಯಾತ ಓಡಾಡುತ್ತಿತ್ತು. ಸಾಹೇಬರಿಗೆ ಪಿತ್ತ ನೆತ್ತಿಗೇರಿತು.

“ಮೇಲಿನ ಗೇಟು ಮುಚ್ಚು ಅಂತ ಹೇಳಿರ್ಲಿಲ್ವೇನೇ ನಿಂಗೆ?”

ದುಭಾಷಿ ಅಭ್ಯಾಸಬಲದಿಂದ ಅದನ್ನೂ ಅನುವಾದ ಮಾಡಿಬಿಟ್ಟ. ಮಾಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಬಂದಾಕೆ ಗೇಟಮ್ಮನ ಕಡೆ ತಿರುಗಿ, ಗೇಟು ಯಾಕೆ ಮುಚ್ಚಬೇಕಿತ್ತು ಎಂದು ದುಭಾಷಿಯಿಂದ ಕೇಳಿಸಿದಳು.

ಗೇಟಮ್ಮ ಗ್ರೀಸ್ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ನಿಮಗೆ ತೋರಿಸೋಕೆ ಅಮ್ಮಾ. ಹೋದ ಸಲ ಮುಚ್ಚಿದ್ದು ನಾನೇ. ಅವತ್ತು ನಿಮ್ಮ ಬ್ಯಾಂಕಿನವರು ನೋಡಿದ್ದು ಮೂರು ದಿನದ ನೀರು. ನೀರು ಎಲ್ಲಿ ಸೋರುತ್ತೆ ಅಂತ ಬೇಕಾದ್ರೆ ಈಗ್ಲೇ ತೋರಿಸ್ತೀನಿ, ಬನ್ನಿ.”

ಆಕೆ ಜೀಪು ಹತ್ತಲಿಲ್ಲ. ಗೇಟಮ್ಮನ ಹಿಂದೆ ಕಾಲುವೆಯ ಏರಿಯ ಮೇಲೆ ನಡೆದೇ ಬಿಟ್ಟಳು. ನಾಲ್ಕನೇ ಗೇಟಿನಾಚೆ ಕಾಲುವೆಗಿಳಿದು, ಬಿರುಕಿಗೆ ಕೈ ಹಾಕಿದಳು. ಕೈ ಮೊಣಕೈವರೆಗೂ ಹೋಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಈ ಭಾಗ ಹೊಸದಾಗಿ ಕಟ್ಟಿದ ಮೇಲೆಯೇ ಕೆಲಸ ಮುಗಿದ ಲೆಕ್ಕ ಎಂದು ಬರೆದುಕೊಂಡು ಹೋದಳು.

ಸಾಹೇಬರು ಆ ಸಂಜೆಯೇ ಕೀಲಿಗೊಂಚಲು ಕಿತ್ತುಕೊಂಡು ತಮ್ಮ ಕಡೆಯವನೊಬ್ಬನಿಗೆ ಕೊಟ್ಟರು. ಅವನ ಸುತ್ತಿನ ಲೆಕ್ಕ ತಪ್ಪಿ ಐದನೇ ದಿನ ಮೂರು ಹೊಲದ ಬದು ಒಡೆಯಿತು. ಮೇಲಿನ ಹೊಲದವರೆಲ್ಲ ಕಚೇರಿಗೆ ನುಗ್ಗಿದರು. ಆರನೇ ದಿನ ಕೀಲಿಗೊಂಚಲು ಅದರ ಮೊಳೆಗೇ ಮರಳಿತು. ಕಾಯಂ ಮಾತು ಮಾತ್ರ ಮತ್ತೆ ಯಾರೂ ಎತ್ತಲಿಲ್ಲ.

ಬಿರುಕಿನ ಕೆಲಸ ಮುಗಿಯಲು ವರ್ಷ ಹಿಡಿಯಿತು. ನೀರು ಬಿಟ್ಟ ದಿನ ಗೇಟಮ್ಮ ಮೇಲಿನ ಆರೂ ಗೇಟುಗಳನ್ನು ಎಂದಿನಷ್ಟೇ ತೆರೆದಿಟ್ಟು, ನೀರಿನ ತುದಿಯ ಜೊತೆಜೊತೆಗೇ ಏರಿಯ ಮೇಲೆ ನಡೆದಳು. ನೀರು ಕೊನೇ ಗೇಟು ದಾಟಿತು. ಅಕ್ಕ ಸಲಿಕೆ ಹಿಡಿದು ನಿಂತಿದ್ದಳು. ನೀರನ್ನು ನೋಡಿದಳು, ತಂಗಿಯನ್ನು ನೋಡಿದಳು, ಸಲಿಕೆ ಹೆಗಲಿಗೇರಿಸಿ ಹೊಲದಂಚಿನ ಮನೆಯೊಳಗೆ ಹೋದಳು. ಒಮ್ಮೆ ಮೋಸ ಹೋದವಳು, ನಂಬುವುದಾದರೂ ಹೇಗೆ? ಗೇಟಮ್ಮ ದಾರಿಯುದ್ದಕ್ಕೂ ಅಳುತ್ತಾ ವಾಪಸಾದಳು.

ಎಂಟನೇ ದಿನ ಬೆಳಿಗ್ಗೆ ಮೊದಲ ಗೇಟಿನ ಚಕ್ರಕ್ಕೆ ಗ್ರೀಸ್ ಹಚ್ಚುತ್ತಿದ್ದಾಗ ಏರಿಯ ಮೇಲೆ ಯಾರೋ ಬರುವುದು ಕಂಡಿತು. ಮೂರು ವರ್ಷ ಈ ಕಡೆ ತಲೆ ಹಾಕದ ಅಕ್ಕ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದಿದ್ದಳು. ಏದುಸಿರು ಬಿಡುತ್ತಲೇ ಜಗಳಕ್ಕೆ ನಿಂತಳು.

“ಏನೇ, ನನ್ನ ಸಸಿ ಮುಳುಗಿಸ್ಬೇಕು ಅಂತಿದ್ದೀಯಾ? ನೀರು ಜಾಸ್ತಿ ಆಯ್ತು, ಅರ್ಧ ಸುತ್ತು ಕಮ್ಮಿ ಮಾಡು ಬಾ!”

ಗೇಟಮ್ಮ ಕೀಲಿಗೊಂಚಲು ತೆಗೆದುಕೊಂಡಳು. ದಾರಿ ದೂರವಿತ್ತು. ಅಕ್ಕ ಕೊನೇ ಗೇಟಿನವರೆಗೂ ಬೈಯುತ್ತಲೇ ಬಂದಳು.