ಹಿನ್ನೀರಿನ ದಂಡೆಗೆ ಬಂದದ್ದು

ಜೆಸಿಬಿ ಓಡಿಸಲು ಕಲಿಯುತ್ತೇನೆಂದು ಅಪ್ಪನೊಂದಿಗೆ ಜಗಳವಾಡಿ ನನ್ನ ತಮ್ಮ ಮನೆ ಬಿಟ್ಟು ಹೋಗಿದ್ದ. ಅವನ ಫೋನ್ ಸ್ವಿಚ್ ಆಫ್ ಆಗಿತ್ತು. ಹೀಗಿರುವಾಗ ನಾವು ದೂರು ಕೊಟ್ಟಿದ್ದ ಪೊಲೀಸ್ ಠಾಣೆಯಿಂದ ಕರೆ ಬಂತು: ಕೃಷ್ಣೆಯ ಹಿನ್ನೀರಿನ ದಂಡೆಗೆ ಏನೋ ಸತ್ತದ್ದು ತೇಲಿ ಬಂದಿದೆ, ಗುರುತು ಸಿಗುತ್ತಿಲ್ಲ, ಒಮ್ಮೆ ನೋಡಿ ಹೋಗಿ.

ಅವ್ವನಿಗೆ ಹೇಳದೆ ಅಪ್ಪನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಗೊಳಸಂಗಿಯಿಂದ ಹೊರಟೆ. ಅಪ್ಪ ದಾರಿಯುದ್ದಕ್ಕೂ ನನ್ನ ಹೆಗಲ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.

ದಂಡೆಯಲ್ಲಿ ಜನ ಸೇರಿದ್ದರು. ಕೆಸರಿನಲ್ಲಿ ಅರ್ಧ ಹೂತ, ಬಿಳಚಿಕೊಂಡ ಆಳುದ್ದದ ಮೈ. ತಲೆ ಇರಲಿಲ್ಲ, ತೊಗಲು ಸುಲಿದು ಹೋಗಿತ್ತು. ಮೂಗಿಗೆ ವಸ್ತ್ರ ಹಿಡಿದುಕೊಂಡೇ ವಾದ ನಡೆದಿತ್ತು.

"ಸಮುದ್ರದ್ದರಿ ಇದು. ಇಂಥಾದ್ದು ಮೊಬೈಲ್‌ನ್ಯಾಗ ನೋಡೇನಿ," ಎಂದ ಒಬ್ಬ.

"ಸಮುದ್ರದ್ದು ಇಲ್ಲಿಗೆ ಹ್ಯಾಂಗ ಬರ್ತೈತಿ? ನಡುವ ಎಷ್ಟು ಡ್ಯಾಮ್ ಅದಾವು. ಮೊಸಳಿ ಇದು," ಎಂದ ಇನ್ನೊಬ್ಬ.

"ಮೊಸಳಿ ಇಷ್ಟು ಬೆಳ್ಳಗ ಇರ್ತೈತೇನು?"

ಮತ್ತೊಬ್ಬ ಮೆಲ್ಲಗೆ, "ಮನುಷ್ಯಾಂದ ಇದ್ದಂಗ ಕಾಣಸ್ತೈತಿ," ಎಂದ. ಅಪ್ಪ ಅಲ್ಲೇ ಕೆಸರಲ್ಲಿ ಕುಳಿತುಬಿಟ್ಟರು. ತಮ್ಮನ ಮೈಮೇಲೆ ಎಲ್ಲಾದರೂ ಗಾಯದ ಕಲೆ ಇತ್ತೇ ಎಂದು ನೆನಪಿಸಿಕೊಳ್ಳಲು ನಾನು ಹೆಣಗಿದೆ. ಒಂದೂ ನೆನಪಾಗಲಿಲ್ಲ.

ಕೊನೆಗೆ ದನದ ಡಾಕ್ಟರು ಬಂದರು. ಕೋಲಿನಿಂದ ನಿಧಾನವಾಗಿ ಕೆಸರು ಸರಿಸಿದರು. ಹೂತಿದ್ದ ಬಾಲ ಹೊರಬಿತ್ತು, ದಪ್ಪನೆಯ, ಉದ್ದನೆಯ ಬಾಲ. ಅವರು ಅಪ್ಪನತ್ತ ತಿರುಗಿದರು.

"ಯಜಮಾನ್ರ, ಮನುಷ್ಯಾಂದ ಅಲ್ಲರಿ. ಮೊಸಳಿ."

"ಖರೇನ್ರಿ?"

"ಖರೇರಿ. ಇಲ್ಲಿ ನೋಡ್ರಿ, ಬಾಲ."

ಸಮುದ್ರದ ಪ್ರಾಣಿ ಎಂದವನು ಆಗಲೂ ಒಪ್ಪಲಿಲ್ಲ, ಡಾಕ್ಟರೊಂದಿಗೇ ವಾದಕ್ಕಿಳಿದ. ಅಪ್ಪ ಎದ್ದು ಧೋತರ ಕೊಡವಿಕೊಂಡರು. "ಏನರ ಇರ್ಲಿ. ನಮ್ಮ ಹುಡುಗ ಅಲ್ಲ. ನಡಿಯವ್ವ," ಎಂದರು. ಹಿಂದಿರುಗುವಾಗ ಅಂಗಡಿಯೊಂದರ ಮುಂದೆ ಸ್ಕೂಟಿ ನಿಲ್ಲಿಸಲು ಹೇಳಿ, ಬಿಸಿ ಮಿರ್ಚಿ ಭಜಿ ತರಿಸಿ ಹಸಿದವರಂತೆ ತಿಂದರು. ತಮ್ಮ ಹೋದಂದಿನಿಂದ ಅವರು ಸರಿಯಾಗಿ ಉಂಡಿರಲಿಲ್ಲವೆಂದು ನನಗೆ ಆಗ ಹೊಳೆಯಿತು.

ಕೆಲವು ದಿನಗಳ ನಂತರ ತಮ್ಮನ ಫೋನ್ ಬಂತು. ಇಂಡಿ ಪಟ್ಟಣದ ಹತ್ತಿರ ಜೆಸಿಬಿ ಕೆಲಸ ಸಿಕ್ಕಿದೆಯಂತೆ. ಅವ್ವ ಬಾಯಿಗೆ ಬಂದಂತೆ ಬೈದು, ಅತ್ತು, ಫೋನನ್ನು ಅಪ್ಪನ ಕೈಗಿಟ್ಟಳು. ಮತ್ತೆ ಜಗಳವೇ ಆದೀತೆಂದು ನಾನು ಹೆದರಿದ್ದೆ.

"ಇಲ್ಲೊಂದು ಮೊಸಳಿ ಸತ್ತಿತ್ತಪಾ. ನೋಡಾಕ ಹೋಗಿದ್ವಿ," ಎಂದರು ಅಪ್ಪ. ಆ ಕಡೆಯಿಂದ ತಮ್ಮ ಏನೋ ಕೇಳಿದ.

"ದೊಡ್ಡದಿತ್ತು. ನೀ ಅಮಾಸಿಗೆ ಬಾ, ಹೇಳ್ತೇನಿ."