ಅತ್ತೆ ಹಚ್ಚಿದ ಹಾಡು

ಡ್ಯೂಟಿಗೆಂದು ಔರಾದಿಗೆ ಹೋಗುವ ಬಸ್ಸಿನಲ್ಲಿ ಕುಳಿತು ಕೇಳುತ್ತಿದ್ದ ಹಾಡು ತಟ್ಟನೆ ನಿಂತಿತು. ಹಾಡಿನ ಆ್ಯಪ್‌ಗೆ ಮನೆಮಂದಿಗೆಲ್ಲ ಒಂದೇ ಚಂದಾ. ಒಬ್ಬರು ಹಚ್ಚಿದರೆ ಇನ್ನೊಬ್ಬರದು ನಿಲ್ಲುತ್ತದೆ. ಬೀದರಿನ ಮನೆಯಲ್ಲಿದ್ದ ಹೆಂಡತಿಗೆ ಫೋನ್ ಮಾಡಿದೆ.

"ಈಗ ನನ್ನ ಪಾಳಿರಿ. ನೀವು ಸುಮ್ನ ಕಿಡಕ್ಯಾಗಿಂದ ಹೊಲಾ ನೋಡ್ಕೋತ ಹೋಗ್ರಿ," ಎಂದು ನಕ್ಕಳು. ಮರುದಿನ ಹೃದಯಾಘಾತದಿಂದ ತೀರಿಕೊಂಡಳು.

ಕೆಲವು ವಾರಗಳ ನಂತರ ಅದೇ ಬಸ್ಸಿನಲ್ಲಿ ಹಾಡು ಮತ್ತೆ ಹಾಗೆಯೇ ನಿಂತಿತು. ಭಾಲ್ಕಿಯಲ್ಲಿರುವ ಅತ್ತೆಯ ಫೋನಿಗೂ ಹೆಂಡತಿ ನಮ್ಮ ಚಂದಾದಲ್ಲೇ ಇದೇ ಆ್ಯಪ್ ಹಾಕಿಕೊಟ್ಟಿದ್ದು ನೆನಪಾಗಿ, ಅವರಿಗೆ ಫೋನ್ ಮಾಡಿದೆ.

"ನಾನೇ ಹಚ್ಚೀನ್ರಿ ಅಳಿಯಾರ. ದಿನಾ ನೀವು ಡ್ಯೂಟಿಗಿ ಹೋದ ಮ್ಯಾಲ ಆಕಿ ನನಗ ಫೋನ್ ಮಾಡಿ, ಈ ಹಾಡಿನ ಜೋಡಿ ತಾನೂ ಹಾಡ್ತಿದ್ಳು. ನಿಮ್ಮ ಮುಂದನೂ ಭಾಳ ಹಾಡಿರಬೇಕಲ್ಲರಿ?"

"ಹೌದ್ರಿ," ಎಂದುಬಿಟ್ಟೆ. ನನ್ನನ್ನು ಕಳಿಸಿ ಬಾಗಿಲು ಹಾಕಿಕೊಂಡ ಮೇಲೆ ಇವರಿಗಾಗಿ ಹಾಡುತ್ತಿದ್ದಳಲ್ಲ ಎಂದು, ಮಗಳನ್ನು ಕಳೆದುಕೊಂಡ ಆ ತಾಯಿಯ ಮೇಲೆಯೇ ಹೊಟ್ಟೆಕಿಚ್ಚಾಯಿತು. ಹಾಡು ಬಂದ್ ಮಾಡಿರಿ ಎನ್ನಬೇಕೆನಿಸಿತು.

ಈಗ ಅವರು ಹಚ್ಚಿದಾಗಲೆಲ್ಲ ನನ್ನ ಪಾಳಿ ಬಿಟ್ಟುಕೊಡುತ್ತೇನೆ. ಹೊಟ್ಟೆಕಿಚ್ಚು ಮಾತ್ರ ಹೋಗಿಲ್ಲ. ನನ್ನ ಹೆಂಡತಿ ಹಾಡಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ.